ಭಾಷಣದ ಪೆಟ್ಟಿಗೆಯಿಂದ ಕಾಣೆಯಾದ ಕೊಳಲಿನ ಪ್ಲೇಟಿನ ವಿಚಾರ

ಬೀದಿಯವರೆಲ್ಲ ಇಸ್ತ್ರಿ ಅಕ್ಕ ಎಂದು ಕರೆಯುವ, ವಯಸ್ಸು ಐವತ್ತೆಂಟು, ಕಸುಬು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವುದು, ವಾಸ ಅದೇ ಅಂಗಡಿಯ ಮೇಲಿನ ಮನೆ, ಜೊತೆಯಲ್ಲಿರುವವಳು ಒಬ್ಬಳೇ ಮಗಳು, ಇಂಥ ನಾನು ಯಾರ ಒತ್ತಾಯವೂ ಇಲ್ಲದೆ, ಯಾರೂ ಕರೆಯದೆ, ನಾನಾಗಿಯೇ ಠಾಣೆಗೆ ಬಂದು ತಿಳಿಸುವುದೇನೆಂದರೆ:

ನನ್ನ ಅಂಗಡಿಯ ಎದುರಿಗಿರುವ ಹಳೇ ರೆಕಾರ್ಡ್ ಅಂಗಡಿಯ ಯಜಮಾನರು ಕಳೆದ ಬುಧವಾರ ಇದೇ ಠಾಣೆಗೆ ಒಂದು ದೂರು ಕೊಟ್ಟಿದ್ದಾರೆ. ತಮ್ಮ ಅಂಗಡಿಯ ಕೊಳಲು ವಾದನದ ಗ್ರಾಮಫೋನ್ ಪ್ಲೇಟನ್ನು ಲಿಫ್ಟ್ ಮೆಕ್ಯಾನಿಕ್ ಒಬ್ಬ ಕದ್ದನೆಂದು ಅದರಲ್ಲಿ ಬರೆಸಿದ್ದಾರೆ. ಆ ಮೆಕ್ಯಾನಿಕ್ ಬರುವ ತಿಂಗಳು ನನ್ನ ಅಳಿಯನಾಗುವವನು. ಅವನು ಕದ್ದಿಲ್ಲ. ಈ ಮಾತನ್ನು ಮೊದಲು ಬರೆದುಕೊಳ್ಳಿ, ಮಿಕ್ಕದ್ದು ಆಮೇಲೆ ಎಂದು ಠಾಣೆಯ ಬರಹಗಾರರಿಗೆ ಹೇಳಿದೆ. ಬರೆದುಕೊಂಡರು.

ಆ ಅಂಗಡಿಗೂ ನನ್ನ ಅಂಗಡಿಗೂ ನಡುವೆ ಹದಿನೆಂಟು ಅಡಿ ರಸ್ತೆ. ಅಲ್ಲಿ ಪ್ಲೇಟಿನ ಮೇಲೆ ಮುಳ್ಳಿಟ್ಟರೆ ಇಲ್ಲಿ ಕೇಳಿಸುತ್ತದೆ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನಾನು ಅಲ್ಲಿನ ಗಿರಾಕಿ. ನನ್ನ ಮನೆಯಲ್ಲಿ ಮಂಚಕ್ಕಿಂತ ಹೆಚ್ಚು ಜಾಗವನ್ನು ಪ್ಲೇಟುಗಳೇ ಹಿಡಿದಿವೆ. ಮಗಳು ಇದನ್ನು ಹುಚ್ಚು ಅನ್ನುತ್ತಾಳೆ. ಹುಚ್ಚೇ ಸರಿ, ಆದರೆ ಯಾರನ್ನೂ ಕಚ್ಚುವ ಹುಚ್ಚಲ್ಲ. ಆದ್ದರಿಂದ ಆ ಅಂಗಡಿಯ ವಿಷಯದಲ್ಲಿ ನಾನು ಹೇಳಿದ್ದನ್ನು ಇನ್ನೊಬ್ಬರನ್ನು ಕೇಳಿ ಖಾತ್ರಿ ಮಾಡಿಕೊಳ್ಳುವ ಅಗತ್ಯವಿಲ್ಲ.

ಕಾಣೆಯಾಗಿದ್ದ ಪ್ಲೇಟಿನ ಗುರುತು: ಹಸಿರು ರಟ್ಟಿನ ಕವರು, ಮೇಲಿನ ಬಲ ಮೂಲೆ ಇಲಿ ಕಡಿದದ್ದು. ಇದೊಂದೇ ಪ್ಲೇಟು ಮಾಡಿ ಆಮೇಲೆ ಎಲ್ಲಿಗೆ ಹೋದಳೋ ಯಾರಿಗೂ ತಿಳಿಯದ ಹೆಂಗಸೊಬ್ಬಳು ನುಡಿಸಿದ್ದು. ಎರಡನೇ ಬದಿಯ ನಡುವೆ ಒಂದು ಕಡೆ ಕೊಳಲು ನಿಂತು ಆಕೆ ಉಸಿರೆಳೆದುಕೊಳ್ಳುವುದು ಕೇಳುತ್ತದೆ. ಆ ಉಸಿರಿಗಾಗಿಯೇ ನಾನು ಅದನ್ನು ಹುಡುಕುತ್ತಿದ್ದೆ. ಹಿಂದೆ ಇದೇ ಪ್ಲೇಟು ನನ್ನಲ್ಲಿತ್ತು. ಬಿಸಿಲಿಗೆ ಬಾಗಿತು. ಬೀದಿಯವರ ಸುಕ್ಕೆಲ್ಲ ಬಿಡಿಸುವ ಕೈಗೆ ಇದೊಂದು ದೊಡ್ಡದೇ ಎಂದು ಮೇಲೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದೆ. ತಟ್ಟೆ ಹೋಗಿ ಬೋಗುಣಿಯಾಯಿತು. ಇದಕ್ಕೆ ನಗುವ ಕಾರಣವಿಲ್ಲ ಎಂದು ಬರೆದುಕೊಳ್ಳುತ್ತಿದ್ದವರಿಗೆ ತಿಳಿಸಿದೆ.

ಆ ಅಂಗಡಿಯ ಪದ್ಧತಿ ಗೊತ್ತಿಲ್ಲದೆ ಈ ಕೇಸು ಯಾರಿಗೂ ಅರ್ಥವಾಗದು, ಆದ್ದರಿಂದ ಅದನ್ನೂ ಹೇಳುತ್ತೇನೆ. ಯಜಮಾನರದ್ದು ಒಂದು ಹಟ. ಎರಡೂ ಬದಿ ಪೂರ್ತಿ ಕೇಳಿಸದೆ ಪ್ಲೇಟು ಮಾರುವುದಿಲ್ಲ. ಗೀರು ಎಲ್ಲಿದೆ, ಸದ್ದು ಎಲ್ಲಿ ತೊದಲುತ್ತದೆ ಎಂಬುದು ಕೊಳ್ಳುವವರಿಗೆ ಮೊದಲೇ ಗೊತ್ತಿರಬೇಕು, ಆಮೇಲೆ ಬೈಸಿಕೊಳ್ಳಲು ತನಗೆ ಶಕ್ತಿಯಿಲ್ಲ ಎನ್ನುತ್ತಾರೆ. ಕಳೆದ ತಿಂಗಳು ಅಂಗಡಿಯ ಪ್ಲೇಯರಿನ ಮುಳ್ಳು ಸವೆದುಹೋಯಿತು. ಹೊಸದು ಬೇರೆ ಊರಿಂದ ಬರಬೇಕು. ಬರುವ ತನಕ ಬಾಗಿಲು ತೆರೆದಿರುತ್ತದೆ, ನೋಡುವವರು ನೋಡಬಹುದು, ಮಾರಾಟ ಮಾತ್ರ ಇಲ್ಲ.

ಎರಡನೆಯದಾಗಿ, ಅಲ್ಲಿ ಪ್ಲೇಟುಗಳನ್ನು ಹಾಡಿನ ಬಗೆ ನೋಡಿ ಜೋಡಿಸುವುದಿಲ್ಲ, ಕೊಳ್ಳುವವರ ಮುಖ ನೋಡಿ ಜೋಡಿಸುತ್ತಾರೆ. ಕಿಟಕಿ ಪಕ್ಕದ್ದು ನನ್ನ ಸಾಲು. ಅದರ ಕೆಳಗಿನದು ಮೇಷ್ಟ್ರ ಸಾಲು. ಬಾಗಿಲ ಹಿಂದಿನದು ಹಲ್ಲಿನ ಡಾಕ್ಟರದ್ದು. ಅವರು ಈ ಕಡೆ ಬಾರದೆ ವರ್ಷವಾಯಿತು, ಆದರೂ ಸಾಲು ಅವರದೇ. ಹೊಸ ಮಾಲು ಬಂದರೆ ಯಾವುದು ಯಾರ ಸಾಲಿಗೆ ಎಂಬುದನ್ನು ಯಜಮಾನರು ನಿಧಾನವಾಗಿ, ಹೆಣ್ಣು ಕೊಡುವವರ ಹಾಗೆ ಯೋಚಿಸಿ ತೀರ್ಮಾನಿಸುತ್ತಾರೆ. ಕಣ್ಣು ಕಟ್ಟಿ ಬಿಟ್ಟರೂ ನಮ್ಮ ಕೈ ಸರಿಯಾದ ಕಡೆಗೇ ಹೋಗುತ್ತದೆ. ಹಳಬರಾದ ನಮಗೆಲ್ಲ ಇದೊಂದು ಹೆಮ್ಮೆಯಾಗಿತ್ತು.

ಮೇಷ್ಟ್ರು ಎಂದರೆ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಒಳ್ಳೆಯ ಮನುಷ್ಯ. ಆದರೆ ಪ್ಲೇಟಿನ ವಿಷಯ ಬಂದರೆ ಅವರು ಹಾವು, ನಾನು ಮುಂಗುಸಿ. ಕೊಳಲಿನ ಪ್ಲೇಟು ಬಂದ ಮಾಲಿನಲ್ಲಿ ಅದನ್ನು ಮೊದಲು ಕಂಡವಳು ನಾನು. ಯಜಮಾನರು ಇನ್ನೂ ಯಾರ ಸಾಲಿಗೂ ಸೇರಿಸಿರಲಿಲ್ಲ. ಮುಳ್ಳಿಲ್ಲದೆ ಕೊಳ್ಳುವ ಹಾಗಿಲ್ಲ, ಬಿಟ್ಟರೆ ಮೇಷ್ಟ್ರು ಬಿಡುವುದಿಲ್ಲ. ಅಂಗಡಿಯ ಮೂಲೆಯಲ್ಲಿ ಭಾಷಣದ ಪ್ಲೇಟುಗಳ ಒಂದು ಪೆಟ್ಟಿಗೆ ಇದೆ. ಬಿಟ್ಟಿ ಸಿಗುವ ಭಾಷಣವೇ ಹೊಟ್ಟೆ ತುಂಬ ಇರುವಾಗ ಅದನ್ನು ಯಾರೂ ಮುಟ್ಟುವುದಿಲ್ಲ. ನಾನು ಕೊಳಲನ್ನು ಅದರಲ್ಲಿ ತೂರಿಸಿಟ್ಟೆ. ಇದು ಕಳ್ಳತನವಲ್ಲ, ಅಲ್ಲಿನ ರೂಢಿ. ಎಲ್ಲರೂ ಮಾಡುತ್ತಾರೆ, ಯಜಮಾನರು ನೋಡಿಯೂ ನೋಡದ ಹಾಗೆ ಇರುತ್ತಾರೆ. ನಾನು ಇಟ್ಟದ್ದನ್ನು ಮೇಷ್ಟ್ರು ಕನ್ನಡಕದ ಸಂದಿನಿಂದ ನೋಡಿದ್ದರೆಂದು ಆಮೇಲೆ ತಿಳಿಯಿತು.

ಮಂಗಳವಾರ ಸಂಜೆ ಸುಮಾರು ಐದೂಮುಕ್ಕಾಲಿಗೆ ನಾನು ಬಿಳಿ ಅಂಗಿಯೊಂದರ ಕಾಲರ್ ಒತ್ತುತ್ತಿದ್ದೆ. ಅಳಿಯನಾಗುವವನು ಕಂಪನಿಯ ನೀಲಿ ಅಂಗಿಯಲ್ಲಿ, ಹೆಗಲಿಗೆ ಸಾಮಾನಿನ ಚೀಲ ಹಾಕಿಕೊಂಡು ಬಂದು, ನನ್ನ ಕಡೆ ತಿರುಗದೆ ಎದುರಿನ ಅಂಗಡಿಗೆ ಹೋದ. ಅವನಿಗೂ ಹಾಡಿಗೂ ಎಣ್ಣೆ ಸೀಗೆಕಾಯಿ. ಅಲ್ಲೇನು ಕೆಲಸ ಇವನಿಗೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಒಳಗಿಂದ ಓಡಿಬಂದು ಎಡಕ್ಕೆ ತಿರುಗಿ ಓಡಿಯೇ ಹೋದ. ಕಾಲರ್ ಸೀದ ವಾಸನೆ ಬಂದಾಗಲೇ ನಾನು ರಸ್ತೆಯಿಂದ ಕಣ್ಣು ಕಿತ್ತದ್ದು.

ಬೀದಿ ಕೊನೆಯ ಆಸ್ಪತ್ರೆಯ ಲಿಫ್ಟಿನಲ್ಲಿ ತುಂಬು ಗರ್ಭಿಣಿಯೊಬ್ಬಳು ಸಿಕ್ಕಿಹಾಕಿಕೊಂಡಿದ್ದಳು, ಅವನಿಗೆ ಫೋನ್ ಬಂದದ್ದು ಅದಕ್ಕೆ. ಬಾಗಿಲು ಮೀಟಿ ತೆಗೆದು ಆಕೆಯನ್ನು ಇಳಿಸಿದ. ಆಸ್ಪತ್ರೆಯವರನ್ನು ಕೇಳಿದರೆ ಹೇಳುತ್ತಾರೆ. ಆದರೆ ಅವನು ಅಲ್ಲಿ ಬಾಗಿಲು ಮೀಟುತ್ತಿದ್ದಾಗ ಇಲ್ಲಿ ಮೇಷ್ಟ್ರು ಭಾಷಣದ ಪೆಟ್ಟಿಗೆಗೆ ಕೈ ಹಾಕಿ, ಕೊಳಲು ಇಲ್ಲ ಎಂದು ಬೊಬ್ಬೆ ಹಾಕುತ್ತಿದ್ದರು. ಆ ನೀಲಿ ಅಂಗಿಯವನು ಪೆಟ್ಟಿಗೆಯಿಂದ ಅದನ್ನು ಎತ್ತಿದ್ದು, ಆಮೇಲೆ ಚೀಲದ ಜಿಪ್ಪು ಎಳೆದದ್ದು ಎರಡನ್ನೂ ತಾವು ಕಂಡದ್ದಾಗಿ ಹೇಳಿದರು. ನಡುವೆ ಏನಾಯಿತೆಂದು ಕೇಳಿದರೆ, ಆಗ ತಾವು ತಮ್ಮ ಸಾಲು ನೋಡುತ್ತಿದ್ದದ್ದಾಗಿ ಹೇಳಿದರು.

ಯಜಮಾನರು ರಸ್ತೆ ದಾಟಿ ಬಂದು, "ಅಕ್ಕಾ, ನಿಮ್ಮ ಕೊಳಲು ಹೋಯ್ತು" ಎಂದರು. ಯಾರು ತೆಗೆದದ್ದು ಎಂದು ಕೇಳಿದೆ. ನೀಲಿ ಅಂಗಿ, ಬೆನ್ನ ಮೇಲೆ ಲಿಫ್ಟ್ ಕಂಪನಿಯ ಹೆಸರು ಎಂದರು. ಅವನು ನನ್ನ ಮಗಳನ್ನು ಮದುವೆಯಾಗುವವನು, ಕದಿಯುವ ಪೈಕಿ ಅಲ್ಲ ಎಂದು ಅಲ್ಲೇ ಗಟ್ಟಿಯಾಗಿ ಹೇಳಿದೆ. ಮೇಷ್ಟ್ರು ಹಿಂದಿನಿಂದ, "ಅತ್ತೆಗೆ ಅಳಿಯ ಚಿನ್ನವೇ, ಬಿಡಿ" ಎಂದರು. "ನಿಮ್ಮ ಅಳಿಯನ್ನ ನೀವು ಹಾಗೆ ಅಂದದ್ದು ನಾನು ಯಾವತ್ತೂ ಕೇಳಿಲ್ಲವಲ್ಲ ಮೇಷ್ಟ್ರೆ" ಎಂದೆ.

ಯಜಮಾನರು ನನ್ನನ್ನು ಕೇಳದೆ ನೇರ ಕಂಪನಿಗೇ ಫೋನ್ ಮಾಡಿದರು, ಕಂಪನಿಯವರು ಅವನ ನಂಬರು ಕೊಟ್ಟರು. ಅವನು ಫೋನಿನಲ್ಲಿ ಹೇಳಿದ್ದನ್ನು ನಾವೆಲ್ಲ ಸ್ಪೀಕರಿನಲ್ಲಿ ಕೇಳಿದೆವು. "ಸರ್, ಅದು ಯಾವುದೋ ಪೆಟ್ಟಿಗೆಯಲ್ಲಿ ತಪ್ಪಿ ಸೇರ್ಕೊಂಡಿತ್ತು. ಅರ್ಜೆಂಟ್ ಕಾಲ್ ಬಂತು, ಹೋಗೋಕ್ಕೆ ಮುಂಚೆ ಅದರ ಹೆಸರು ಬರೆದಿರೋ ಸಾಲಲ್ಲಿ ಇಟ್ಟು ಬಂದೆ" ಎಂದ. ಯಜಮಾನರು ನಮ್ಮ ಮುಖ ನೋಡಿದರು. ನಾವು ಅವರ ಮುಖ ನೋಡಿದೆವು. ಆ ಅಂಗಡಿಯಲ್ಲಿ ಹೆಸರು ಬರೆದ ಸಾಲು ಎಂಬುದೇ ಇಲ್ಲ. ಇಪ್ಪತ್ತು ವರ್ಷದಲ್ಲಿ ನಾನು ಒಂದನ್ನೂ ಕಂಡಿಲ್ಲ. ಯಜಮಾನರು ಅವನಿಗೆ, ಸುಳ್ಳು ಹೇಳುವುದಾದರೆ ನೋಡಿಕೊಂಡು ಹೇಳಬೇಕೆಂದೂ ಇನ್ನು ಮುಂದೆ ತಮ್ಮ ಹೊಸ್ತಿಲು ತುಳಿಯಕೂಡದೆಂದೂ ಹೇಳಿ ಫೋನ್ ಇಟ್ಟರು. ಗಾಬರಿಯಲ್ಲಿ ಏನೋ ಹೇಳಿದ್ದಾನೆ, ಸಮಾಧಾನದಲ್ಲಿ ಸರಿಯಾಗಿ ಹೇಳುತ್ತಾನೆ ಎಂದು ನಾನು ಅವನ ಪರ ವಾದ ಮಾಡಿದೆ.

ಬುಧವಾರ ದೂರು ದಾಖಲಾಯಿತು. ಗುರುವಾರ ಕಂಪನಿಯವರು ಅವನಿಂದ ಕೀಲಿಗೊಂಚಲು, ಗುರುತಿನ ಚೀಟಿ ಎರಡನ್ನೂ ವಾಪಸು ಪಡೆದರು. ನೂರಾರು ಕಟ್ಟಡಗಳ ಮೇಲ್ಮಹಡಿಯ ಲಿಫ್ಟ್ ಯಂತ್ರದ ಕೋಣೆಯ ಕೀಲಿಗಳು ಅವನ ಕೈಯಲ್ಲಿರುತ್ತವೆ, ಕಳ್ಳತನದ ಹೆಸರು ಬಂದವನಿಗೆ ಅವನ್ನು ಕೊಡಲಾಗದು, ಸೋಮವಾರದೊಳಗೆ ಠಾಣೆಯಿಂದ ಪತ್ರ ಬಾರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುವುದಾಗಿ ತಿಳಿಸಿದರು. ಹನ್ನೊಂದು ವರ್ಷ ಒಂದು ದೂರಿಲ್ಲದೆ ದುಡಿದವನು ಅವನು. ಅಂದು ಸಂಜೆ ನಮ್ಮ ಮನೆಗೆ ಬಂದು, ಕೆಟ್ಟಿದ್ದ ನಮ್ಮ ಮಿಕ್ಸಿಯನ್ನು ಬಿಚ್ಚಿ ಸರಿಮಾಡಿ, ಹೆಚ್ಚು ಮಾತಾಡದೆ ಹೋದ. ಕೈ ಸುಮ್ಮನಿದ್ದರೆ ಅವನಿಗಾಗದು ಎಂದು ಮಗಳು ಹೇಳಿದಳು.

ನಾನೂ ಕೈಕಟ್ಟಿ ಕೂರುವವಳಲ್ಲ. ಶುಕ್ರವಾರ ನನ್ನ ಅಂಗಡಿ ಮುಚ್ಚಿ, ಯಜಮಾನರನ್ನೂ ಮೇಷ್ಟ್ರನ್ನೂ ಮುಂದಿಟ್ಟುಕೊಂಡು ಆ ಅಂಗಡಿಯನ್ನು ತಲೆಕೆಳಗು ಮಾಡಿದೆ. ಪ್ಲೇಟು ಬಚ್ಚಿಡುವ ಜಾಗಗಳು ನನಗೆ ಗೊತ್ತಿಲ್ಲದವು ಯಾವುವು? ಭಾಷಣದ ಪೆಟ್ಟಿಗೆಯಲ್ಲಿ ಡಾಕ್ಟರು ಎಂದೋ ಇಟ್ಟು ಮರೆತ ಪಿಟೀಲು ಸಿಕ್ಕಿತು. ಫ್ಯೂಸ್ ಡಬ್ಬಿಯ ಹಿಂದೆ, ಹಾಸಿದ ಚಾಪೆಯ ಕೆಳಗೆ, ಗೋಡೆ ಕನ್ನಡಿಯ ಬೆನ್ನಿಗೆ, ಎಲ್ಲ ಕಡೆ ಮೇಷ್ಟ್ರವೇ ಸಿಕ್ಕವು. "ಇದು ಯಾವಾಗ ಇಟ್ಟಿರಿ?" ಎಂದು ಯಜಮಾನರು ಕೇಳಿದಾಗಲೆಲ್ಲ ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ನನ್ನದೂ ಎರಡು ಸಿಕ್ಕವು. ಅಂತೂ ಎಲ್ಲರ ಗುಟ್ಟೂ ರಟ್ಟಾಯಿತು, ಕೊಳಲು ಮಾತ್ರ ಸಿಗಲಿಲ್ಲ.

ಆಗ ನನಗೆ ಮೇಷ್ಟ್ರ ಮೇಲೆಯೇ ಪೂರ್ಣ ಅನುಮಾನ ಬಂತು. ನೆಟ್ಟಗೆ ಅವರ ಮನೆಗೆ ಹೋದೆ. ಅವರ ಹೆಂಡತಿ ನೀರು ಕೊಟ್ಟು, "ಬನ್ನಿ ಅಕ್ಕಾ, ಪೂರ್ತಿ ಹುಡುಕಿ. ಹುಡುಕಿದ ಮೇಲೆ ಅಷ್ಟೂ ಪ್ಲೇಟು ತಗೊಂಡೇ ಹೋದ್ರೂ ನನ್ನ ಅಡ್ಡಿ ಇಲ್ಲ" ಎಂದರು. ಹುಡುಕಿದೆ. ಇರಲಿಲ್ಲ. ತಾ ಕಳ್ಳ ಪರರ ನಂಬ ಎಂಬ ಗಾದೆಯನ್ನು ಮೇಷ್ಟ್ರು ನನ್ನ ಮುಖಕ್ಕೆ ಹೇಳಿದರು. ನಾನೂ ಅದನ್ನೇ ಅವರಿಗೆ ತಿರುಗಿಸಿ ಹೇಳಿ ಬಂದೆ.

ಇಂದು ಶನಿವಾರ ಬೆಳಿಗ್ಗೆ ಇದೇ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಮೇಡಂ ಮತ್ತು ಒಬ್ಬ ಪೇದೆ ಸ್ಥಳ ನೋಡಲು ಅಂಗಡಿಗೆ ಬರುವವರಿದ್ದರು. ನಾನು ಅವರಿಗೆ ಹೇಳಬೇಕಾದ್ದನ್ನೆಲ್ಲ ಮನೆಯಲ್ಲಿ ಮಗಳ ಮುಂದೆ ಒಪ್ಪಿಸುತ್ತಿದ್ದೆ. ಮೇಷ್ಟ್ರು ಎಲ್ಲಿ ನಿಂತಿದ್ದರು, ಜಿಪ್ಪು ಯಾವಾಗ ಎಳೆದದ್ದು, ಎಲ್ಲ. ಮಗಳು ಕೇಳಿಸಿಕೊಂಡು, "ಅಮ್ಮಾ, ಇಷ್ಟೆಲ್ಲ ಹುಡುಕಿದ್ರಲ್ಲ. ನಿಮ್ಮ ಅಳಿಯನನ್ನೇ ಒಂದ್ಸಲ ಒಳಗೆ ಕರ್ಕೊಂಡು ಹೋಗಿ, ಎಲ್ಲಿಟ್ಟೆ ತೋರಿಸಪ್ಪ ಅಂತ ಕೇಳಿದ್ರಾ?" ಎಂದಳು.

ಕೇಳಿರಲಿಲ್ಲ. ಇದು ಮಗಳಿಗೆ ಹೊಳೆದದ್ದು, ನನಗಲ್ಲ, ಆದ್ದರಿಂದ ಇದನ್ನು ಹೇಳಿಕೆಯಲ್ಲಿ ಸೇರಿಸಿದ್ದೇನೆ. ಮಂಗಳವಾರದಿಂದ ಅವನ ಪರವಾಗಿ ನಾನು ಎಲ್ಲರ ಹತ್ತಿರ ಮಾತಾಡಿದ್ದೆ. ಅವನ ಹತ್ತಿರ ಮಾತಾಡಿರಲಿಲ್ಲ. ಯಜಮಾನರಂತೂ ಮೊದಲ ದಿನವೇ ಬಾಗಿಲು ಹಾಕಿದ್ದರು.

ಹತ್ತೂವರೆಗೆ ಮೇಡಂ ಬಂದರು, ಸಾಕ್ಷಿಯೆಂದು ಮೇಷ್ಟ್ರೂ ಅಲ್ಲಿದ್ದರು. ನಾನು ಅಳಿಯನ ಮಣಿಕಟ್ಟು ಹಿಡಿದು ರಸ್ತೆ ದಾಟಿಸಿಕೊಂಡು ಬಂದೆ, ಮಗಳೂ ಹಿಂದೆ ಬಂದಳು. ಯಜಮಾನರು ಬಾಗಿಲಿಗೆ ಅಡ್ಡ ನಿಂತು, ಇವನು ಒಳಗೆ ಬರಕೂಡದು ಎಂದರು. "ಅವನು ಬರಲಿಲ್ಲ ಅಂದ್ರೆ ನಾನೂ ಬರಲ್ಲ. ಇವತ್ತಿಗಲ್ಲ, ಮುಂದಕ್ಕೂ" ಎಂದೆ. ಮೇಡಂ ಅವನಿಗೆ ದಾರಿ ಬಿಡಿಸಿ, ಆ ದಿನ ಏನು ಮಾಡಿದೆಯೋ ಅದನ್ನೇ ಮಾಡಿ ತೋರಿಸು ಎಂದರು.

ಅವನು ಭಾಷಣದ ಪೆಟ್ಟಿಗೆಯ ಹತ್ತಿರ ಹೋಗಿ ಖಾಲಿ ಕೈಯನ್ನು ಎತ್ತಿ ತೋರಿಸಿದ. ಅಲ್ಲಿಂದ ನಾಲ್ಕು ಹೆಜ್ಜೆ ಹಿಂದಕ್ಕೆ ಬಂದು, ಯಜಮಾನರು ಕೂರುವ ಸ್ಟೂಲಿನ ಪಕ್ಕ ಮಂಡಿಯೂರಿದ. ಅಲ್ಲಿ ಕೆಳಗಿನ ಅಡ್ಡಹಲಗೆಗೆ ಯಜಮಾನರ ಮಳೆ ಕೋಟು, ಎರಡು ಛತ್ರಿ, ಒಂದು ಹಳೇ ಕೈಚೀಲ ಸದಾ ನೇತಾಡುತ್ತಿರುತ್ತವೆ. ಅವುಗಳ ಹಿಂದೆ ಪ್ಲೇಟಿಡುವ ಖಾನೆ ಇದೆಯೆಂಬುದೇ ನಮಗೆ ಮರೆತುಹೋಗಿತ್ತು, ಶುಕ್ರವಾರವೂ ಅಲ್ಲಿ ನೋಡಿರಲಿಲ್ಲ. ಅವನು ಕೋಟನ್ನು ಪಕ್ಕಕ್ಕೆ ಸರಿಸಿ, ಹಲಗೆಯ ಅಂಚನ್ನು ಹೆಬ್ಬೆರಳಿನಿಂದ ಒರೆಸಿದ. ಬಿಳಿ ಬಣ್ಣದಲ್ಲಿ ಬರೆದ ಅಕ್ಷರ ಕಂಡಿತು. ಕೊಳಲು. ಅದರ ಪಕ್ಕದ ಖಾನೆಯಲ್ಲಿ ಪಿಟೀಲು. ಆಚೆಗೆ ನಾಟಕ. ಗೋಡೆ ಉದ್ದಕ್ಕೂ ಎಲ್ಲ ಹಲಗೆಗಳ ಮೇಲೂ ಬರೆದಿತ್ತು. ಅಂಗಡಿ ತೆರೆದ ವರ್ಷ ಯಜಮಾನರು ತಾವೇ ಬರೆದದ್ದು, ಕೈ ಅವರದೇ. ನಮ್ಮ ನಮ್ಮ ಸಾಲು ನಮಗೆ ಗೊತ್ತಾದ ಮೇಲೆ ಅದನ್ನು ಓದುವ ಕೆಲಸ ಯಾರಿಗೂ ಬಿದ್ದಿರಲಿಲ್ಲ.

ಕೊಳಲಿನ ಖಾನೆಯಲ್ಲಿ ಒಂದೇ ಒಂದು ಪ್ಲೇಟು ಇತ್ತು. ಹಸಿರು ಕವರು, ಇಲಿ ಕಡಿದ ಮೂಲೆ. ಅವನು ಅದನ್ನು ತೆಗೆದು ಸ್ಟೂಲಿನ ಮೇಲಿಟ್ಟ. "ಸ್ಪ್ಯಾನರ್ ಅದರ ಜಾಗದಲ್ಲಿ ಇಲ್ಲ ಅಂದ್ರೆ ಕೆಳಗಡೆ ಇರೋನ ತಲೆ ಮೇಲೆ ಬೀಳುತ್ತೆ ಮೇಡಂ. ಅಭ್ಯಾಸ" ಎಂದು ಮೇಡಂಗೆ ಹೇಳಿದ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವರ ಹಾಗೆ ನಾವು ಮೂವರೂ ನಿಂತಿದ್ದೆವು. ಮೇಷ್ಟ್ರು ಗೋಡೆಯ ಅಕ್ಷರಗಳನ್ನು ಒಂದೊಂದಾಗಿ ಓದುತ್ತ ಹೋದರು, ನಮ್ಮ ಕಡೆ ತಿರುಗಲಿಲ್ಲ.

ಯಜಮಾನರು ಪ್ಲೇಟನ್ನು ಎರಡೂ ಕೈಯಲ್ಲಿ ಎತ್ತಿ ಅವನ ಮುಂದೆ ಹಿಡಿದರು. "ತಗೋಪ್ಪಾ. ತಪ್ಪು ನಂದು. ದುಡ್ಡೂ ಬೇಡ, ಕೇಳಿಸೋದೂ ಬೇಡ, ಹಾಗೇ ಇಟ್ಕೋ" ಎಂದರು. ಕೇಳಿಸದೆ ಅವರು ಪ್ಲೇಟು ಕೊಟ್ಟದ್ದನ್ನು ನಾನು ಕಂಡದ್ದು ಇದೇ ಮೊದಲು. ಅವನು ತೆಗೆದುಕೊಳ್ಳಲಿಲ್ಲ. "ನನಗೆ ಇದೆಲ್ಲ ಗೊತ್ತಾಗಲ್ಲ ಸರ್. ಅತ್ತೆ ತುಂಬ ದಿನದಿಂದ ಇದನ್ನ ಹುಡುಕ್ತಿದ್ದಾರೆ ಅಂತ ಇವಳು ಹೇಳಿದ್ಲು. ಮದುವೆ ದಿನ ಅವರ ಕೈಗೆ ಕೊಡೋಣ ಅಂತ ವಿಚಾರಿಸೋಕೆ ಬಂದಿದ್ದೆ. ಈಗ ಬೇಡ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಕೋಟನ್ನು ಮತ್ತೆ ಮೊದಲಿನಂತೆ ನೇತುಹಾಕಿ ಹೊರಗೆ ಹೋಗಿ ನಿಂತ. ನನ್ನ ಕೈಗೆ ಕೊಡಲು ಬಂದವನಿಂದಲೇ ನಾನು ಅದನ್ನು ಬಚ್ಚಿಟ್ಟಿದ್ದೆ.

ಮುಂದೆ ಏನು ಕ್ರಮ ಬೇಕು ಎಂದು ಮೇಡಂ ಕೇಳಿದ್ದಕ್ಕೆ ನಾನು ಹೇಳುವುದಿಷ್ಟು. ಅಂಗಡಿಯಿಂದ ಏನೂ ಹೋಗಿಲ್ಲ. ಒಂದು ಸಾಮಾನನ್ನು ಅದರ ಜಾಗದಿಂದ ಎತ್ತಿ ಬೇರೆ ಕಡೆ ಸೇರಿಸುವುದಕ್ಕೆ ಕಾನೂನಿನಲ್ಲಿ ಶಿಕ್ಷೆ ಇದ್ದರೆ ಮೊದಲು ನನ್ನ ಮೇಲೆ ಹಾಕಿ, ಎರಡನೆಯದು ಮೇಷ್ಟ್ರ ಮೇಲೆ. ಅದರ ಜಾಗದಲ್ಲಿ ಅದನ್ನಿಟ್ಟವನ ಮೇಲೆ ಹಾಕಿದ ಕೇಸನ್ನು ಇವತ್ತೇ ಮುಗಿಸಿ, ಅವನ ಕಂಪನಿಗೆ ಪತ್ರ ಬರೆದು ನನ್ನ ಕೈಗೆ ಕೊಡಿ. ಟಪಾಲು ಬೇಡ, ನಾನೇ ಒಯ್ದು ಮ್ಯಾನೇಜರ ಮೇಜಿನ ಮೇಲಿಟ್ಟು, ಕೀಲಿಗೊಂಚಲು ಎಣಿಸಿ ವಾಪಸು ತರುತ್ತೇನೆ. ಅಷ್ಟು ನನಗೆ ಬರುತ್ತದೆ.

ಅವನು ಬೇಡ ಎಂದ ಮಾತಿಗೆ ಠಾಣೆಯಲ್ಲಿ ಪರಿಹಾರವಿಲ್ಲವೆಂದು ನನಗೆ ಗೊತ್ತು. ಅವನು ಈಗ ಠಾಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದಾನೆ. ಇಲ್ಲಿ ರುಜು ಹಾಕಿದ ಮೇಲೆ ಹೋಗಿ ಅವನ ಪಕ್ಕದಲ್ಲಿ ಕೂರುತ್ತೇನೆ. ಈ ಸಲ ನಾನು ಮಾತಾಡುವುದಿಲ್ಲ, ಅವನು ಹೇಳುವುದನ್ನು ಕೇಳುತ್ತೇನೆ, ಎರಡೂ ಬದಿ ಪೂರ್ತಿ.

ಇಲ್ಲಿಯವರೆಗೆ ಬರೆದದ್ದನ್ನು ನನಗೆ ಓದಿ ಹೇಳಿದರು. ನಾನು ಕಂಡದ್ದು, ಆಡಿದ್ದು, ಮಾಡಿದ್ದು ಇಷ್ಟೇ, ಒಂದು ಮಾತು ಹೆಚ್ಚಿಲ್ಲ. ಇಸ್ತ್ರಿ ಒತ್ತಿದ ಸಂಗತಿ ಬಿಟ್ಟುಬಿಡಲೇ ಎಂದು ಬರೆದುಕೊಂಡವರು ಕೇಳಿದರು, ಅದೂ ನಿಜವೇ, ಇರಲಿ ಎಂದೆ.

ಸ್ಥಳ: ಠಾಣೆಯ ಮುಂಭಾಗದ ಕೋಣೆ
ದಿನ: ಶನಿವಾರ, ಮಧ್ಯಾಹ್ನ ಒಂದೂಕಾಲು

ನನ್ನ ಮುಂದೆ ಬರೆದುಕೊಂಡದ್ದು,
(ರುಜು) ಠಾಣೆಯ ಬರಹಗಾರ

ಓದಿಸಿ ಕೇಳಿ ಒಪ್ಪಿದವಳು,
(ರುಜು) ಇಸ್ತ್ರಿ ಅಕ್ಕ